ಬೆನ್ನುಹುರಿಗೆ ಪೆಟ್ಟಾದವರು ನೇತ್ರಾಣಿಯಲ್ಲಿ ಸ್ಕೂಬಾ ಮಾಡಬಹುದಾ? ಮಾಡಿದವರು ಇದ್ದರೆ ಹೇಳಿ

ಹೊಳೆಮೀನು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು, ವಯಸ್ಸು 27. ನಾಲ್ಕು ವರ್ಷದ ಹಿಂದೆ ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಔಷಧಿ ಹೊಡೆಯುವಾಗ ಅಡಿಕೆ ಮರದಿಂದ ಬಿದ್ದೆ. ಸಿ7. ಅಂದರೆ ಕುತ್ತಿಗೆಯ ಬುಡದಲ್ಲಿ ಬೆನ್ನುಹುರಿಗೆ ಪೆಟ್ಟು. ಎದೆಯಿಂದ ಕೆಳಗೆ ಮುಟ್ಟಿದ್ದೂ ಗೊತ್ತಾಗುವುದಿಲ್ಲ. ಭುಜ, ಮೊಣಕೈ, ಮಣಿಕಟ್ಟು ಕೆಲಸ ಮಾಡುತ್ತವೆ. ಬೆರಳು ಇಲ್ಲ. ಇದನ್ನು ಗೆಣ್ಣಿನಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಂದಿಸಿಕೊಳ್ಳಿ. ನಾನು ಬಿದ್ದ ಮರುವರ್ಷ ನಮ್ಮ ಮನೆಗೆ ಕಾರ್ಬನ್ ಫೈಬರ್ ದೋಟಿ ಬಂತು. ಈಗ ನೆಲದಲ್ಲಿ ನಿಂತೇ ಔಷಧಿ ಹೊಡೆಯುತ್ತಾರೆ. ಅಪ್ಪ ಆ ದೋಟಿಯನ್ನು ಇವತ್ತಿಗೂ ಮುಟ್ಟುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ಚಿಕ್ಕಪ್ಪನ ಮಗ ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೋಗಿ ಸ್ಕೂಬಾ ಮಾಡಿ, ಅಂದರೆ ಗಾಳಿಯ ಟ್ಯಾಂಕ್ ಕಟ್ಟಿಕೊಂಡು ನೀರಿನಡಿ ಇಳಿದು ಬಂದ. ವಿಡಿಯೋ ತೋರಿಸಿದ. ಎಲ್ಲರೂ ಮೀನು ನೋಡಿದರು, ನಾನು ಅವನ ಕೈಕಾಲು ನೋಡಿದೆ. ಪೂರ್ತಿ ವಿಡಿಯೋದಲ್ಲಿ ಅವನು ಕಾಲು ಆಡಿಸಿದ್ದು ಎರಡೋ ಮೂರೋ ಸಲ. ಕೈ ಕಟ್ಟಿಕೊಂಡು ತೇಲುತ್ತಿದ್ದ. ಅವತ್ತಿನಿಂದ ತಲೆಯಲ್ಲಿ ಹುಳ ಹೊಕ್ಕಿದೆ. ಬೀಳುವ ಮೊದಲು ನಾನು ಅಘನಾಶಿನಿಯಲ್ಲಿ ತಳ ಮುಟ್ಟಿ ಕಲ್ಲು ತರುತ್ತಿದ್ದೆ. ಬಿದ್ದ ಮೇಲೆ ಬಕೆಟ್ ನೀರು ಬಿಟ್ಟು ಬೇರೆ ನೀರು ಮೈಗೆ ತಾಗಿಲ್ಲ.

ನನ್ನ ಪ್ರಶ್ನೆಗಳು. ಕಿವಿ ಒತ್ತಡಕ್ಕೆ ಮೂಗು ಹಿಡಿದು ಊದಬೇಕಂತೆ, ನನಗೆ ಮೂಗು ಹಿಡಿಯಲು ಬರುವುದಿಲ್ಲ. ಅದಕ್ಕೆ ಏನು ಮಾಡುವುದು? ಮೂತ್ರಕ್ಕೆ ಐದಾರು ಗಂಟೆಗೊಮ್ಮೆ ಅಮ್ಮ ಟ್ಯೂಬ್ ಹಾಕುತ್ತಾರೆ. ಬೋಟಿನಲ್ಲಿ ಹೇಗೆ? ಸ್ನಾಯು ಸೆಳೆತಕ್ಕೆ ದಿನಕ್ಕೆ ಮೂರು ಸಲ ಬ್ಯಾಕ್ಲೋಫೆನ್ ತಗೊಳ್ಳುತ್ತೇನೆ, ಅದು ತೊಂದರೆಯಾ? ಎರಡು ಕಡೆ ಫೋನ್ ಮಾಡಿದೆ. ಒಬ್ಬರು "ನಡೆಯಲು ಬರದವರಿಗೆ ಇಲ್ಲ" ಅಂದರು. ಇನ್ನೊಬ್ಬರು ಪೂರ್ತಿ ಕೇಳದೆಯೇ "ಬನ್ನಿ ಸರ್, ಎಲ್ಲ ಆಗುತ್ತೆ" ಅಂದರು. ನಿಜ ಹೇಳಬೇಕೆಂದರೆ ಎರಡನೆಯವರ ಮಾತೇ ನನಗೆ ಜಾಸ್ತಿ ಹೆದರಿಕೆ ತಂದಿದ್ದು.

ಅಮ್ಮ ಅಂದಿದ್ದು: "ಮರ ಸಾಕಾಗಲಿಲ್ವಾ, ಈಗ ಸಮುದ್ರವಾ?"

ಒಂದು ವಿನಂತಿ. "ಮನಸ್ಸಿದ್ದರೆ ಮಾರ್ಗ" ಅಂತ ಬರೆಯುವವರು ದಯವಿಟ್ಟು ಬರೆಯಬೇಡಿ. ಮಾರ್ಗ ಗೊತ್ತಿದ್ದವರು ಬರೆಯಿರಿ.

ಕಬ್ಬಿನಗದ್ದೆ:

ಬೇಜಾರು ಮಾಡ್ಕೋಬೇಡಿ ಬ್ರದರ್, ಸುಮ್ನೆ ಯಾಕೆ ರಿಸ್ಕು? ಕೈಕಾಲು ಗಟ್ಟಿ ಇರುವವರೇ ಅಲ್ಲಿ ಹೆದರಿ ಮೇಲೆ ಬರುತ್ತಾರೆ. ನನ್ನ ಫ್ರೆಂಡ್ ಎರಡೇ ನಿಮಿಷಕ್ಕೆ ಬೋಟ್ ಹತ್ತಿದ. ಏನಾದರೂ ಆದರೆ ಮನೆಯವರು ಪಾಪ. ಮೊಬೈಲಲ್ಲೇ ಎಷ್ಟು ಬೇಕಾದರೂ ವಿಡಿಯೋ ಇದೆ.

ಚಕ್ರದಕ್ಕ:

ಕಬ್ಬಿನಗದ್ದೆಯವರೇ, ಮೊಬೈಲಲ್ಲಿ ಮದುವೆ ಊಟದ ವಿಡಿಯೋನೂ ಇದೆ. ನೀವು ಊಟಕ್ಕೆ ಹೋಗುವುದು ಬಿಟ್ಟಿದ್ದೀರಾ?

ಹೊಳೆಮೀನು, ಮಾಡಬಹುದು. ನಾನು ಮಾಡಿದ್ದೇನೆ. ಆದರೆ ನೇತ್ರಾಣಿಯಿಂದ ಶುರು ಮಾಡಬೇಡಿ. ಯಾಕೆ ಅಂತ ಉದ್ದಕ್ಕೆ ಬರೆಯುತ್ತೇನೆ, ಟೀ ಇಟ್ಟುಕೊಂಡು ಓದಿ.

ನನಗೆ 43. ಬೆಂಗಳೂರಿನಲ್ಲಿ ಬ್ಯಾಂಕ್ ಕೆಲಸ. 2011ರಲ್ಲಿ ಶಿರಾ ಹತ್ತಿರ ಕಾರು ಪಲ್ಟಿಯಾಗಿ ಸಿ6-ಸಿ7. ನಿಮ್ಮ ಹಾಗೇ ಬೆರಳಿಲ್ಲ. ಮಣಿಕಟ್ಟು ಹಿಂದಕ್ಕೆ ಬಾಗಿಸಿದರೆ ಬೆರಳು ತಾನೇ ಸ್ವಲ್ಪ ಮಡಚಿಕೊಳ್ಳುತ್ತದಲ್ಲ, ಅಷ್ಟರಲ್ಲೇ ಲೋಟ ಎತ್ತುವುದು, ಸಹಿ ಮಾಡುವುದು. ಮೂತ್ರಕ್ಕೆ ಹೊಟ್ಟೆಯ ಮೇಲಿಂದ ಹಾಕಿದ ಕ್ಯಾತಿಟರ್ (ಟ್ಯೂಬ್) ಇದೆ. ಇದುವರೆಗೆ ಸಮುದ್ರದಲ್ಲಿ ಏಳು ಸಲ ಇಳಿದಿದ್ದೇನೆ. ಈಜುಕೊಳದಲ್ಲಿ ಎಷ್ಟು ಸಲ ಅಂತ ಲೆಕ್ಕ ಇಟ್ಟಿಲ್ಲ.

ಮೊದಲ ಪ್ರಯತ್ನ ನೇತ್ರಾಣಿಯಲ್ಲೇ. ನಿಮಗೆ "ಎಲ್ಲ ಆಗುತ್ತೆ" ಅಂದ ಹಾಗೆ ನನಗೂ ಅಂದಿದ್ದರು. ಹೆಸರು ಬೇಡ. ಮುರ್ಡೇಶ್ವರಕ್ಕೆ ಹೋದರೆ ಒಂದು ಮೆಡಿಕಲ್ ಫಾರಂ ಕೊಟ್ಟರು. ಮೊದಲ ಪುಟದಲ್ಲೇ ಒಂದಷ್ಟು ಪ್ರಶ್ನೆ. "ಎಲ್ಲದಕ್ಕೂ ಇಲ್ಲ ಅಂತ ಟಿಕ್ ಮಾಡಿ ಮೇಡಂ, ಸುಮ್ನೆ ಫಾರ್ಮಾಲಿಟಿ" ಅಂದರು. ನಾನು ವೀಲ್‌ಚೇರಿನಲ್ಲಿ ಕೂತು "ನನಗೆ ಏನೂ ಇಲ್ಲ" ಅಂತ ಟಿಕ್ ಮಾಡಬೇಕಿತ್ತು! ನನ್ನ ತಂಗಿಯೇ ಪೆನ್ನು ಹಿಡಿದು ಮಾಡಿದಳು. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಆ ಫಾರಂನಲ್ಲಿ ಒಂದಕ್ಕೆ "ಹೌದು" ಅಂದರೂ ಡಾಕ್ಟರ್ ಸಹಿ ಬೇಕಾಗಬಹುದು. ಅದು ನಮ್ಮನ್ನು ತಡೆಯಲು ಇರುವುದಲ್ಲ. ಅದರಲ್ಲಿ ನಿಜ ಬರೆದರೆ ಮಾತ್ರ ಕೆಳಗೆ ಕರೆದುಕೊಂಡು ಹೋಗುವವನಿಗೆ ತನ್ನ ಕೈಯಲ್ಲಿರುವುದು ಯಾರ ಮೈ ಅಂತ ಗೊತ್ತಾಗುವುದು.

ಇಬ್ಬರು ಹುಡುಗರು ಕಂಕುಳಿಗೆ, ಮಂಡಿಗೆ ಕೈ ಹಾಕಿ ಬೋಟಿಗೆ ಎತ್ತಿದರು. ಕೂರಲು ಅನುಕೂಲ ಅಂತ ಇಂಜಿನ್ ಪೆಟ್ಟಿಗೆಯ ಮೇಲೆ ಕೂರಿಸಿದರು. ಒಂದು ಗಂಟೆಗೂ ಮೇಲಿನ ದಾರಿ. ದ್ವೀಪದ ಹತ್ತಿರ ಬೋಟು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಇನ್‌ಸ್ಟ್ರಕ್ಟರ್ ಏಣಿ ನೋಡಿದ, ನನ್ನನ್ನು ನೋಡಿದ, ಮತ್ತೆ ಏಣಿ ನೋಡಿದ. ಇಳಿಸಲೇನೋ ಇಳಿಸಬಹುದು, ಹತ್ತಿಸುವುದು ಹೇಗೆ ಅಂತ ಅವನಿಗೆ ಆಗ ಹೊಳೆಯಿತು. "ಮೇಡಂ, ಮುಂದಿನ ಸಲ" ಅಂದ. ಪಾಪ, ಚಿಕ್ಕ ಹುಡುಗ. ಅವನ ತಪ್ಪಲ್ಲ.

ಮೂರು ಗಂಟೆ ಬೋಟಿನಲ್ಲೇ ಕೂತು ಬೇರೆಯವರನ್ನು ನೋಡಿದೆ. ಆಗ ನಿಮಗೆ ವಿಡಿಯೋದಲ್ಲಿ ಕಂಡಿದ್ದೇ ನನಗೂ ಕಂಡಿತು. ನಮ್ಮ ಬೋಟಿನಲ್ಲಿ ಬಂದಿದ್ದ ಗಟ್ಟಿಮುಟ್ಟು ಐಟಿ ಹುಡುಗರನ್ನೆಲ್ಲ ಹಿಂದಿನಿಂದ ಟ್ಯಾಂಕ್ ಹಿಡಿದುಕೊಂಡೇ ಕರೆದುಕೊಂಡು ಹೋದರು. ತೇಲುವುದು ಮುಳುಗುವುದು ಹೊಂದಿಸುವ ಜಾಕೆಟ್ಟಿಗೆ ಗಾಳಿ ತುಂಬಿದ್ದು ಇನ್‌ಸ್ಟ್ರಕ್ಟರ್, ಬಿಟ್ಟಿದ್ದು ಇನ್‌ಸ್ಟ್ರಕ್ಟರ್, ದಿಕ್ಕು ತಿರುಗಿಸಿದ್ದೂ ಅವನೇ. ಹುಡುಗರು ಮಾಡಿದ್ದು ಉಸಿರಾಡಿದ್ದು ಅಷ್ಟೇ. ಅಷ್ಟು ನನಗೂ ಬರುತ್ತದಲ್ಲ ಅಂದುಕೊಂಡೆ.

ರಾತ್ರಿ ರೂಮಿನಲ್ಲಿ ಬಟ್ಟೆ ಬದಲಿಸುವಾಗ ತಂಗಿ ಕಿರುಚಿದಳು. ತೊಡೆಯ ಹಿಂದೆ ಅಂಗೈ ಅಗಲದ ಬೊಬ್ಬೆ. ಇಂಜಿನ್ ಪೆಟ್ಟಿಗೆಯ ಬಿಸಿ. ನನಗೆ ಗೊತ್ತೇ ಆಗಿರಲಿಲ್ಲ. ಒಂದೂವರೆ ತಿಂಗಳು ಬೋರಲು ಮಲಗಿದೆ. ಸಮುದ್ರಕ್ಕೆ ಇಳಿಯದೆಯೇ ಸ್ಕೂಬಾದಲ್ಲಿ ಗಾಯ ಮಾಡಿಕೊಂಡವಳು ನಾನೊಬ್ಬಳೇ ಇರಬೇಕು.

ಆಮೇಲೆ ಬುದ್ಧಿ ಬಂತು. ಬೆಂಗಳೂರಿನಲ್ಲೇ ಈಜುಕೊಳದಲ್ಲಿ ಕಲಿಸುವವರನ್ನು ಹುಡುಕಿದೆ. ಡೈವಿಂಗ್ ಕಲಿಸುವ ಪ್ಯಾಡಿ ಅನ್ನುವ ಸಂಸ್ಥೆ ಇದೆ, ನೇತ್ರಾಣಿಯಲ್ಲೂ ಅದರ ಬೋರ್ಡ್ ಕಾಣುತ್ತದೆ. ಅದರಲ್ಲಿ ಅಂಗವಿಕಲರಿಗೆ ಕಲಿಸಲು ಇನ್‌ಸ್ಟ್ರಕ್ಟರ್‌ಗಳಿಗೇ 'ಅಡಾಪ್ಟಿವ್ ಟೆಕ್ನಿಕ್ಸ್' ಅಂತ ಬೇರೆ ತರಬೇತಿ ಇದೆ. ಫೋನ್ ಮಾಡಿದಾಗ ಅದು ಮಾಡಿದ್ದೀರಾ ಅಂತ ಕೇಳಿ. ನನಗೆ ಸಿಕ್ಕಿದವರು ಮಾಡಿದ್ದರು. ಅವರು "ಏನಾಯ್ತು ನಿಮಗೆ" ಅಂತ ಕೇಳಲಿಲ್ಲ. "ಏನೇನು ಅಲ್ಲಾಡುತ್ತೆ, ತೋರಿಸಿ" ಅಂದರು. ಎಂಟು ವರ್ಷದಲ್ಲಿ ಡಾಕ್ಟರ್ ಬಿಟ್ಟು ಬೇರೆ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ.

ಮೊದಲ ದಿನ ನೀರಿಗೆ ಬಿಟ್ಟ ತಕ್ಷಣ ಕಾಲು ಮೇಲೆ ಬಂತು, ತಲೆ ಕೆಳಗೆ ಹೋಯಿತು. ಬಾವಲಿ! ನಮ್ಮ ಕಾಲಿನ ಸ್ನಾಯು ಕರಗಿರುತ್ತದೆ, ಜೊತೆಗೆ ಮೈಗೆ ಅಂಟುವ ರಬ್ಬರ್ ಉಡುಪು ವೆಟ್‌ಸೂಟ್ ಬೇರೆ ತೇಲಿಸುತ್ತದೆ. ಒಂದೊಂದು ಕಾಲಿಗೆ 1 ಕಿಲೋ ತೂಕ ಕಟ್ಟಿದ ಮೇಲೆ ಸಮ ಆಯಿತು. ಎಲ್ಲಿ ಎಷ್ಟು ತೂಕ ಅಂತ ಹೊಂದಿಸಲು ಎರಡು ದಿನ ಹೋಯಿತು. ಆ ಎರಡು ದಿನ ದಂಡ ಅನ್ನಿಸುತ್ತದೆ. ದಂಡ ಅಲ್ಲ.

ಕಿವಿ. ಇದಕ್ಕೆ ನಾನು ಜಾಸ್ತಿ ಒದ್ದಾಡಿದೆ. ನೀರಿನಲ್ಲಿ 10 ಮೀಟರ್ ಇಳಿದರೆ ಒತ್ತಡ ಎರಡರಷ್ಟಾಗುತ್ತದೆ, ಆದರೆ ಕಿವಿಗೆ ಕಷ್ಟ ಮೊದಲ ಮೂರು ನಾಲ್ಕು ಮೀಟರಿನಲ್ಲೇ. ನಾನು ದವಡೆ ಮುಂದಕ್ಕೆ ಚಾಚಿ ಉಗುಳು ನುಂಗುತ್ತೇನೆ. ಬಲಗಿವಿ ಟಕ್ ಅಂತ ಬಿಡುತ್ತದೆ. ಎಡಗಿವಿ ಮೊಂಡು. ಅದಕ್ಕೆ ಇನ್‌ಸ್ಟ್ರಕ್ಟರ್ ಮಾಸ್ಕಿನ ಮೇಲಿಂದಲೇ ನನ್ನ ಮೂಗು ಹಿಡಿಯುತ್ತಾರೆ, ನಾನು ಮೆಲ್ಲಗೆ ಊದುತ್ತೇನೆ. ಯಾವಾಗ ಹಿಡಿಯಬೇಕು ಅಂತ ನಾನು ಮೂಗಿನ ಕಡೆ ಮುಷ್ಟಿ ತೋರಿಸಿ ಹೇಳುವುದು. ಪೂರ್ತಿ ಮುಖ ಮುಚ್ಚುವ ಮಾಸ್ಕ್ ಕೂಡ ಇದೆ, ಅದರೊಳಗೆ ಮೂಗಿನ ಹೊಳ್ಳೆ ಮುಚ್ಚುವ ಮೆತ್ತನೆಯ ಬಿರಡೆ ಇರುತ್ತದೆ. ಅದಕ್ಕೆ ಬೇರೆ ತರಬೇತಿ ಬೇಕು. ಈಗಿನಿಂದಲೇ ಮನೆಯಲ್ಲಿ ದವಡೆ ಚಾಚಿ ನುಂಗುವುದನ್ನು ರೂಢಿ ಮಾಡಿ. ಘಟ್ಟ ಇಳಿಯುವಾಗ ಕಿವಿ ಕಟ್ಟುತ್ತದಲ್ಲ, ಅಲ್ಲಿ ಪರೀಕ್ಷೆ ಮಾಡಿ. ನೆಗಡಿ ಇದ್ದ ದಿನ ಡೈವ್ ಕ್ಯಾನ್ಸಲ್, ಚರ್ಚೆಯೇ ಇಲ್ಲ.

ಸನ್ನೆ. ಡೈವರ್‌ಗಳು ಹೆಬ್ಬೆರಳು-ತೋರುಬೆರಳು ಸೇರಿಸಿ ಸೊನ್ನೆ ಮಾಡಿದರೆ 'ಸರಿ ಇದೆ'. ಹೆಬ್ಬೆರಳು ಮೇಲೆತ್ತಿದರೆ 'ಮೇಲೆ ಹೋಗೋಣ'. ನನ್ನ ಕೈ ಸುಮ್ಮನಿದ್ದರೂ ಎರಡೂ ಅಲ್ಲದ ಏನೋ ಒಂದು ಆಕಾರದಲ್ಲಿರುತ್ತದೆ. ಹಾಗಾಗಿ ನಮ್ಮದೇ ಭಾಷೆ ಮಾಡಿಕೊಂಡೆವು. ಎರಡು ಸಲ ಕಣ್ಣು ಮುಚ್ಚಿ ತೆಗೆದರೆ ಸರಿ. ತಲೆ ಅಡ್ಡ ಆಡಿಸಿದರೆ ನಿಲ್ಲು. ಮೊಣಕೈ ಎತ್ತಿದರೆ ಮೇಲೆ. ಇದನ್ನು ಬೋಟಿನಲ್ಲಿ ಬರುವ ಪ್ರತಿಯೊಬ್ಬರಿಗೂ ಹೇಳಿಕೊಡಬೇಕು, ಒಬ್ಬರಿಗಲ್ಲ.

ಇನ್ನು ಮುಖ್ಯವಾದದ್ದು. ಮೂರನೇ ದಿನ ಕೊಳದಲ್ಲಿ ತಲೆ ಸಿಡಿಯಲು ಶುರುವಾಯಿತು. ಮುಖ ಕೆಂಪು. ಕಿವಿ ಇರಬೇಕು ಅಂದುಕೊಂಡೆ. ತಂಗಿ ದಡದಿಂದ ನೋಡಿ "ಅಕ್ಕನ್ನ ಎತ್ತಿ!" ಅಂತ ಕೂಗಿದಳು. ವೆಟ್‌ಸೂಟ್ ಒಳಗೆ ಕ್ಯಾತಿಟರ್ ಪೈಪು ಮಡಚಿಕೊಂಡಿತ್ತು. ಮೂತ್ರಚೀಲ ತುಂಬಿ ಬಿಪಿ ಏರಿತ್ತು. ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ. ಮರಗಟ್ಟಿದ ಭಾಗದಲ್ಲಿ ಏನಾದರೂ ತೊಂದರೆಯಾದರೆ ಬಿಪಿ ಒಮ್ಮೆಲೇ ಏರುವುದು ಅಂತ ಅರ್ಥ. ಬೆನ್ನುಹುರಿಗೆ ಎದೆಯ ಮೇಲ್ಭಾಗದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆಲ್ಲ ಇದು ಬರಬಹುದು, ನಿಮಗೂ ಡಾಕ್ಟರ್ ಹೇಳಿರುತ್ತಾರೆ. ನೀರಿನಲ್ಲಿ ಮುಳುಗಿದಾಗ ಯಾರಿಗೇ ಆದರೂ ಮೂತ್ರ ಜಾಸ್ತಿ ಉತ್ಪತ್ತಿ ಆಗುತ್ತದೆ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ನೀರಿಗೆ ಇಳಿಯುವ ಮುಂಚೆ ಖಾಲಿ ಮಾಡಿಯೇ ಇಳಿಯಿರಿ. ಐದಾರು ಗಂಟೆಗೊಮ್ಮೆ ಅನ್ನುವ ಲೆಕ್ಕ ಆ ದಿನ ನಡೆಯುವುದಿಲ್ಲ. ಅಮ್ಮ ಬೋಟಿನಲ್ಲಿರಬೇಕು, ಅಥವಾ ಟ್ಯೂಬ್ ಹಾಕಲು ಕಲಿತ ಇನ್ನೊಬ್ಬರು ಇರಬೇಕು. ಅಡ್ಡಲಾಗಿ ಹಿಡಿಯಲು ಒಂದು ಪಂಚೆ ಇರಲಿ, ಮುಗಿಯಿತು.

ಸಮುದ್ರ ಆಮೇಲೆ ಬಂತು. ಅಂಡಮಾನಿನ ಹ್ಯಾವ್‌ಲಾಕ್, ಈಗ ಸ್ವರಾಜ್ ದ್ವೀಪ. ಅಲ್ಲಿಗೇ ಯಾಕೆ ಅಂದರೆ ದಡದಿಂದಲೇ ಇಳಿಯಬಹುದು. ಏಣಿಯ ತಾಪತ್ರಯ ಇಲ್ಲ. ವೀಲ್‌ಚೇರ್ ಮರಳಿನಲ್ಲಿ ಹೂತುಹೋಗುತ್ತದೆ. ಹೋಟೆಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಸೊಂಟದ ನೀರಿಗೆ ಬಂದರು. ಪಲ್ಲಕ್ಕಿ ಉತ್ಸವ. ಉಬ್ಬರ ಇರುವಾಗಲೇ ಹೋಗಬೇಕು. ಇಳಿತದಲ್ಲಿ ನೀರು ಎಲ್ಲೋ ದೂರ ಹೋಗಿ ಹವಳದ ಚೂರು ಮೇಲೆ ಎದ್ದಿರುತ್ತದೆ. ಎರಡನೇ ದಿನ ಒಂದು ಗಂಟೆ ತಡ ಮಾಡಿ ಅನುಭವಿಸಿದ್ದೇನೆ.

ಕೆಳಗೆ ಹೇಗಿತ್ತು ಅಂತ ನೀವು ಕೇಳಿಲ್ಲ. ಆದರೂ ಹೇಳುತ್ತೇನೆ. ಸದ್ದು. ಎಣ್ಣೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಅನ್ನುತ್ತಲೇ ಇತ್ತು. ಗಿಳಿಮೀನು ಹವಳ ಕಚ್ಚುವುದು ಕಣ್ಣಿಗೆ ಕಾಣುವ ಮೊದಲು ಕಿವಿಗೆ ಕೇಳಿತು. ಏಳು ಮೀಟರಿನಲ್ಲಿ ಒಂದು ಕಡೆ ನಿಲ್ಲಿಸಿದರು. ನಿಲ್ಲಿಸಿದರು ಅಂದರೆ, ನಿಂತಿದ್ದೆ. ಎಂಟು ವರ್ಷದಿಂದ ನನ್ನ ಮೈ ಏನಾದರೊಂದಕ್ಕೆ ಒರಗಿಕೊಂಡೇ ಇತ್ತು. ಕುರ್ಚಿ, ಹಾಸಿಗೆ, ಯಾರದೋ ತೋಳು. ಅಲ್ಲಿ ಯಾವುದಕ್ಕೂ ತಾಗಿರಲಿಲ್ಲ. ಉಸಿರು ಎಳೆದರೆ ಒಂದು ಗೇಣು ಮೇಲೆ, ಬಿಟ್ಟರೆ ಒಂದು ಗೇಣು ಕೆಳಗೆ. ಅದು ಮಾತ್ರ ನಾನೇ ಮಾಡಿದ್ದು.

ಡೈವಿಂಗ್ ಕಲಿತದ್ದಕ್ಕೆ ಕೊಡುವ ಕಾರ್ಡ್ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಎಚ್‌ಎಸ್‌ಎ (ಹ್ಯಾಂಡಿಕ್ಯಾಪ್ಡ್ ಸ್ಕೂಬಾ ಅಸೋಸಿಯೇಷನ್) ಅಂತ ಒಂದು ಸಂಸ್ಥೆ ಇದೆ. 1981ರಲ್ಲಿ ಜಿಮ್ ಗೇಟಕರ್ ಅನ್ನುವವರು ಶುರು ಮಾಡಿದ್ದು. ಅವರದು ಎ, ಬಿ, ಸಿ ಅಂತ ಮೂರು ಹಂತ. ಎ ಆದರೆ ಎಲ್ಲರ ಹಾಗೆ ಒಬ್ಬ ಜೊತೆಗಾರ ಸಾಕು. ಬಿ ಆದರೆ ಇಬ್ಬರು. ಸಿ ಆದರೆ ಇಬ್ಬರು, ಅದರಲ್ಲಿ ಒಬ್ಬರಿಗೆ ರಕ್ಷಣೆಯ ತರಬೇತಿ ಆಗಿರಬೇಕು. ನಾವು ಹೆಚ್ಚುಕಡಿಮೆ ಸಿ. ನನಗೆ ಈ ಲೆಕ್ಕ ಬಹಳ ಹಿಡಿಸಿತು. ಯಾಕೆಂದರೆ ಕೈಕಾಲು ಸರಿ ಇರುವ ಡೈವರ್‌ಗೂ ಅಲ್ಲಿ ಒಬ್ಬ ಜೊತೆಗಾರ ಬೇಕೇ ಬೇಕು, ಒಂಟಿಯಾಗಿ ಇಳಿಯಬಾರದು ಅಂತಲೇ ಎಲ್ಲರಿಗೂ ಕಲಿಸುವುದು. ಮನೆಯಲ್ಲಿ, ಆಫೀಸಿನಲ್ಲಿ, ಬಸ್ ಸ್ಟಾಂಡಿನಲ್ಲಿ ಇನ್ನೊಬ್ಬರು ಬೇಕಾಗುವವಳು ನಾನೊಬ್ಬಳೇ. ನೀರಿನಡಿ ಹಾಗಲ್ಲ. ಅವರಿಗೆ ಒಬ್ಬರು, ನನಗೆ ಇಬ್ಬರು. ವ್ಯತ್ಯಾಸ ಒಂದು.

ನನ್ನ ಹತ್ತಿರ ಇನ್ನೂ ಯಾವ ಕಾರ್ಡೂ ಇಲ್ಲ. ಪ್ರತಿ ಸಲ ಇನ್‌ಸ್ಟ್ರಕ್ಟರ್ ಜೊತೆಗೇ ಇಳಿಯುವುದು, 12 ಮೀಟರ್ ಒಳಗೆ. ಬ್ಯಾಕ್ಲೋಫೆನ್ ಬಗ್ಗೆ ನಾನು ಹೇಳುವ ಹಾಗಿಲ್ಲ. ಡಾಕ್ಟರ್ ಹತ್ತಿರ ಕೇಳಿ, ಆದರೆ ನಗುವ ಡಾಕ್ಟರ್ ಬೇಡ.

ಫಿಜಿಯೋ ಧಾರವಾಡ:

ಮೇಡಂ ಚೆನ್ನಾಗಿ ಬರೆದಿದ್ದಾರೆ. ನಾನು ಡೈವ್ ಮಾಡಿಲ್ಲ, ಆದರೆ ಬೆನ್ನುಹುರಿ ರೋಗಿಗಳ ಜೊತೆ ಕೆಲಸ. ನಾಲ್ಕು ಮಾತು ಸೇರಿಸುತ್ತೇನೆ.

ಹೊಳೆಮೀನು, ನಿಮಗೆ ಕೆಮ್ಮುವ ಶಕ್ತಿ ಎಷ್ಟಿದೆ? ಸಿ7ನಲ್ಲಿ ವಪೆ (ಎದೆ-ಹೊಟ್ಟೆಯ ನಡುವೆ ಉಸಿರು ಎಳೆಯುವ ಸ್ನಾಯು) ಕೆಲಸ ಮಾಡುತ್ತದೆ, ಪಕ್ಕೆಲುಬಿನ ನಡುವಿನ ಮತ್ತು ಹೊಟ್ಟೆಯ ಸ್ನಾಯು ಮಾಡುವುದಿಲ್ಲ. ಉಸಿರು ಎಳೆಯಬಹುದು, ಜೋರಾಗಿ ಕೆಮ್ಮಲು ಆಗುವುದಿಲ್ಲ. ಒಂದು ಗುಟುಕು ನೀರು ಗಂಟಲಿಗೆ ಹೋದರೆ ಬೇರೆಯವರು ಕೆಮ್ಮಿ ಉಗುಳುತ್ತಾರೆ, ನಿಮಗೆ ಅದು ಕಷ್ಟ. ಮೊದಲು ಸ್ಪೈರೋಮೆಟ್ರಿ, ಅಂದರೆ ಉಸಿರಿನ ಶಕ್ತಿ ಅಳೆಯುವ ಪರೀಕ್ಷೆ, ಮಾಡಿಸಿ. ಆ ನಂಬರ್ ಹಿಡಿದುಕೊಂಡು ಡಾಕ್ಟರ್ ಹತ್ತಿರ ಹೋದರೆ ಅವರೂ ನಗುವುದಿಲ್ಲ.

ಬ್ಯಾಕ್ಲೋಫೆನ್ ನಿದ್ದೆ ತರುತ್ತದೆ. ಹಾಗಂತ ಆ ದಿನ ನೀವೇ ಬಿಟ್ಟುಬಿಡಬೇಡಿ. ಒಮ್ಮೆಲೇ ಬಿಟ್ಟರೆ ಸೆಳೆತ ಜೋರಾಗುತ್ತದೆ, ಬೇರೆ ಅಪಾಯವೂ ಇದೆ. ಹೊತ್ತು ಹೊಂದಿಸುವುದನ್ನು ಡಾಕ್ಟರ್ ಹೇಳಬೇಕು.

ಇನ್ನೊಂದು. ಡೈವ್ ಮಾಡಿದ ಮೇಲೆ ರಕ್ತದಲ್ಲಿ ನೈಟ್ರೋಜನ್ ಗುಳ್ಳೆ ಆದರೆ ಕಾಣುವ ಲಕ್ಷಣ ಏನು? ಜೋಮು, ಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ಮೂತ್ರ ನಿಲ್ಲುವುದು. ಇವೆಲ್ಲ ನಿಮಗೆ ಮೊದಲೇ ಇವೆ! ಹೊಸತು ಯಾವುದು, ಹಳೆಯದು ಯಾವುದು ಅಂತ ಹೇಳುವುದು ಹೇಗೆ? ಹಾಗಾಗಿ ಹೋಗುವ ಮೊದಲು ಯಾವ ಸ್ನಾಯುವಿಗೆ ಎಷ್ಟು ಶಕ್ತಿ, ಎಲ್ಲಿವರೆಗೆ ಸ್ಪರ್ಶ ಅಂತ ಒಂದು ಹಾಳೆಯಲ್ಲಿ ಬರೆಸಿ ಇಟ್ಟುಕೊಳ್ಳಿ. ಆಳ ಕಡಿಮೆ, ಹೊತ್ತು ಕಡಿಮೆ ಇರಲಿ. ಮತ್ತೆ ಚಳಿ. ಎದೆಯ ಕೆಳಗೆ ನಿಮಗೆ ನಡುಕವೂ ಬರುವುದಿಲ್ಲ, ಬೆವರೂ ಬರುವುದಿಲ್ಲ. ನೀರಿನಲ್ಲಿ ತಣ್ಣಗಾಗುತ್ತೀರಿ, ಬೋಟಿನ ಬಿಸಿಲಲ್ಲಿ ಕಾಯುತ್ತೀರಿ. ಎರಡೂ ನಿಮಗೆ ತಡವಾಗಿ ಗೊತ್ತಾಗುತ್ತದೆ.

ಬೋಟಿನವ:

ನಾನು ಇದೇ ಮುರ್ಡೇಶ್ವರದವನು. ಒಂಬತ್ತು ವರ್ಷದಿಂದ ನೇತ್ರಾಣಿ ಬೋಟಿನಲ್ಲಿ ಕೆಲಸ, ಮೂರು ವರ್ಷದಿಂದ ಜನರನ್ನು ನೀರಿನಡಿ ಕರೆದುಕೊಂಡು ಹೋಗುವ ಡೈವ್‌ಮಾಸ್ಟರ್. ಅಕ್ಕ ಬರೆದಿದ್ದು ಓದಿ ಬೇಜಾರಾಯಿತು. ನಮ್ಮ ಬೋಟಲ್ಲ, ಆದರೆ ಅದೇ ಇಂಜಿನ್ ಪೆಟ್ಟಿಗೆ ನಮ್ಮಲ್ಲೂ ಉಂಟು. ನಾವೂ ವಯಸ್ಸಾದವರನ್ನು ಅದರ ಮೇಲೆಯೇ ಕೂರಿಸುವುದು. ಇನ್ನು ಕೂರಿಸುವುದಿಲ್ಲ.

ಇದ್ದದ್ದು ಹೇಳುತ್ತೇನೆ ಮಾರಾಯ್ರೆ. ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಅಲ್ಲಿ ಮರಳಿನ ದಡ ಇಲ್ಲ, ಸುತ್ತ ಬಂಡೆ. ಬೋಟು ಕಟ್ಟಿ ಅಲ್ಲಿಂದಲೇ ಇಳಿಯಬೇಕು, ಅಲ್ಲಿಗೇ ಹತ್ತಬೇಕು. ಮಳೆಗಾಲದಲ್ಲಿ ಬಂದ್. ಅಕ್ಟೋಬರಿನಿಂದ ಶುರು, ಆದರೆ ನೀವು ಬರುವುದಾದರೆ ಡಿಸೆಂಬರ್ ಆಮೇಲೆ ಬನ್ನಿ. ಬೆಳಗಿನ ಮೊದಲ ಬೋಟು. ಮಧ್ಯಾಹ್ನ ಆದ ಹಾಗೆ ಗಾಳಿ ಏಳುತ್ತದೆ.

ಏಣಿಯ ಬಗ್ಗೆ ನಾನು ಮೊನ್ನೆ ರಾತ್ರಿ ನಮ್ಮ ಅಪ್ಪನ ಹತ್ತಿರ ಕೇಳಿದೆ. ಅವರು ದೋಣಿಯಲ್ಲಿ ಮೀನು ಹಿಡಿದವರು. ನಕ್ಕುಬಿಟ್ಟರು. "ಏಣಿ ಯಾಕೆ, ಟಾರ್ಪಾಲ್ ಇಲ್ವಾ?" ಅಂದರು. ಟಾರ್ಪಾಲಿನ ಒಂದು ಅಂಚು ಬೋಟಿನ ಬದಿಗೆ ಕಟ್ಟುವುದು, ಇನ್ನೊಂದು ಅಂಚು ನೀರಿನಲ್ಲಿ ಮನುಷ್ಯನ ಅಡಿಯಿಂದ ತಂದು ಮೇಲಿನವರು ಎಳೆಯುವುದು. ಮನುಷ್ಯ ಚಾಪೆಯಲ್ಲಿ ಸುತ್ತಿದ ಹಾಗೆ ಉರುಳಿಕೊಂಡು ಮೇಲೆ ಬರುತ್ತಾನೆ. ನೀರಿಗೆ ಬಿದ್ದು ಸುಸ್ತಾದವರನ್ನು ಹಾಗೆಯೇ ಎತ್ತುವುದಂತೆ. ಟ್ಯಾಂಕ್, ಜಾಕೆಟ್, ತೂಕ ಎಲ್ಲ ನೀರಿನಲ್ಲೇ ಬಿಚ್ಚಿ ಮೊದಲು ಮೇಲೆ ಕೊಡಬೇಕು. ತುಂಬಿದ ಟ್ಯಾಂಕ್ ಒಂದೇ 14 ಕಿಲೋ ಮೇಲೆ ಇರುತ್ತದೆ.

ನಿನ್ನೆ ಇಬ್ಬರು ಹುಡುಗರನ್ನು ಹಾಗೆ ಎತ್ತಿ ನೋಡಿದೆವು. ಆಯಿತು. ಆದರೆ ಅಂಚಿನಲ್ಲಿ ಒಬ್ಬನ ಮೊಣಕೈ ತರಚಿತು. ಅವನಿಗೆ ನೋವಾಗಿ ಕೂಗಿದ, ನಿಮಗೆ ಕೂಗಲೂ ಗೊತ್ತಾಗುವುದಿಲ್ಲ ಅಲ್ವಾ? ಅಂಚಿಗೆ ಸ್ಪಂಜ್ ಕಟ್ಟಬೇಕು. ಅಡಾಪ್ಟಿವ್ ತರಬೇತಿ ನಮ್ಮಲ್ಲಿ ಯಾರಿಗೂ ಆಗಿಲ್ಲ, ಹಾಗಾಗಿ ನಮ್ಮನ್ನು ಮಾತ್ರ ನಂಬಿ ಬರಬೇಡಿ. ಅಕ್ಕನ ಇನ್‌ಸ್ಟ್ರಕ್ಟರ್ ಬಂದರೆ ನಾವು ಎತ್ತಲು ಇಳಿಸಲು ನಿಲ್ಲುತ್ತೇವೆ.

ಮತ್ತೆ, ಮುಗಿಸಿ ಅದೇ ಸಂಜೆ ದೇವಿಮನೆ ಘಟ್ಟ ಹತ್ತಬೇಡಿ. ಡೈವ್ ಆದ ಮೇಲೆ ಎತ್ತರಕ್ಕೆ ಹೋಗುವುದು ಒಳ್ಳೆಯದಲ್ಲ. ವಿಮಾನಕ್ಕೆ ಒಂದು ಡೈವ್ ಆದರೆ 12 ಗಂಟೆ, ಜಾಸ್ತಿ ಆದರೆ 18 ಗಂಟೆ ಕಾಯಿರಿ ಅನ್ನುತ್ತಾರೆ. ಶಿರಸಿ ವಿಮಾನದಷ್ಟು ಎತ್ತರ ಅಲ್ಲ, ಆದರೂ ಅರ್ಧ ಕಿಲೋಮೀಟರಿಗಿಂತ ಮೇಲೆ. ಒಂದು ರಾತ್ರಿ ಕೆಳಗೇ ಉಳಿಯಿರಿ.

ಹೊಳೆಮೀನು:

ಅಕ್ಕಾ, ಬೋಟಿನವರೇ, ಫಿಜಿಯೋ ಸರ್, ಏನು ಹೇಳಲಿ. ಎರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ಬೊಬ್ಬೆಯ ಕಥೆ ಬರುವಾಗ ಬಿಟ್ಟುಬಿಡೋಣ ಅಂದುಕೊಂಡೆ, ಆಮೇಲೆ ಅದನ್ನೂ ಓದಿದೆ. ಅಮ್ಮ ಸುಮ್ಮನೆ ಕೇಳಿಸಿಕೊಂಡು, "ಆ ತಂಗಿ ಅನ್ನುವವಳ ನಂಬರ್ ಸಿಗುತ್ತಾ ಕೇಳು" ಅಂದರು. ನನ್ನ ಜೊತೆ ಮಾತಾಡಲು ಏನೂ ಇಲ್ಲವಂತೆ, ಅವಳ ಜೊತೆ ಇದೆಯಂತೆ.

ಅಕ್ಕಾ, ನನ್ನನ್ನು ನೀನು ಅನ್ನಿ. ಮತ್ತೆ ಒಂದು ಪ್ರಶ್ನೆ. ನೀವು ನೇತ್ರಾಣಿಗೆ ಮತ್ತೆ ಹೋಗಿಲ್ಲವಾ?

ಚಕ್ರದಕ್ಕ:

ನಂಬರ್ ಇಲ್ಲಿ ಹಾಕುವುದಿಲ್ಲ, ಮೆಸೇಜ್ ಕಳಿಸುತ್ತೇನೆ. ತಂಗಿಗೂ ಇಂಥವರು ಯಾರಾದರೂ ಬೇಕಿತ್ತು. ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕು?

ನೇತ್ರಾಣಿಗೆ ಮತ್ತೆ ಹೋಗಿಲ್ಲ. ಏಣಿಗೆ ಹೆದರಿ. ಬೋಟಿನವರೇ, ಆ ಟಾರ್ಪಾಲಿನ ವಿಡಿಯೋ ಮಾಡಿದ್ದರೆ ಕಳಿಸಿ. ವೆಟ್‌ಸೂಟ್ ಹಾಕಿದ್ದರೆ ಚರ್ಮ ತಕ್ಕಮಟ್ಟಿಗೆ ಉಳಿಯುತ್ತದೆ. ಕಾಲಿಗೆ ಬೂಟಿ ಬೇಕೇ ಬೇಕು. ವೆಟ್‌ಸೂಟ್ ಬಗ್ಗೆ ಹೇಳುವುದು ಮರೆತಿದ್ದೆ ನೋಡು ತಮ್ಮಾ. ಅಂಗಡಿಯದು ಹಾಕಿಸಲು ನನಗೆ ನಲವತ್ತು ನಿಮಿಷ ಹಿಡಿಯುತ್ತಿತ್ತು, ತಂಗಿಗೆ ಅಷ್ಟರಲ್ಲೇ ಒಂದು ಡೈವ್ ಮಾಡಿದಷ್ಟು ಸುಸ್ತು. ಆಮೇಲೆ ಬ್ಯಾಗ್ ಹೊಲಿಯುವವನ ಹತ್ತಿರ ಎರಡೂ ಕಾಲಿಗೆ ಉದ್ದಕ್ಕೆ ಜಿಪ್ ಹಾಕಿಸಿದೆ. ಈಗ ಹತ್ತು ನಿಮಿಷ. ತೀರಾ ಬಿಗಿ ಬೇಡ, ಬಿಗಿ ಆದರೂ ಬಿಪಿ ಏರಬಹುದು.

ಹೊಳೆಮೀನು (ಐದು ವಾರದ ಮೇಲೆ):

ಆಮೇಲೆ ಏನಾಯಿತು ಅಂತ ವರದಿ ಕೊಡುತ್ತೇನೆ. ಸ್ಪೈರೋಮೆಟ್ರಿ ಆಯಿತು. ಹುಬ್ಬಳ್ಳಿಯಲ್ಲಿ ಬೇರೆ ಡಾಕ್ಟರ್. ಅವರು ನಗಲಿಲ್ಲ, ಅರ್ಧ ಗಂಟೆ ಪ್ರಶ್ನೆ ಕೇಳಿದರು. ಈಜುಕೊಳಕ್ಕೆ ಹೂಂ ಅಂದಿದ್ದಾರೆ, ಸಮುದ್ರಕ್ಕೆ ಇನ್ನೂ ಇಲ್ಲ. ಜನವರಿಯಲ್ಲಿ ಬೆಂಗಳೂರಿಗೆ ಬರುತ್ತೇನೆ, ಅಕ್ಕನ ಇನ್‌ಸ್ಟ್ರಕ್ಟರ್ ಜೊತೆ ಮಾತಾಗಿದೆ.

ಅಲ್ಲಿವರೆಗೆ ತಡೆಯಲು ಆಗಲಿಲ್ಲ. ಮೊನ್ನೆ ಭಾನುವಾರ ಹೊಳೆಗೆ ಹೋದೆವು. ನೀರು ಇಳಿದು ತಿಳಿಯಾಗಿದೆ. ಲೈಫ್ ಜಾಕೆಟ್ ಹಾಕಿ, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಚಿಕ್ಕಪ್ಪನ ಮಗ ಮತ್ತು ಅವನ ಇಬ್ಬರು ದೋಸ್ತರು ಎದೆಮಟ್ಟದ ನೀರಿಗೆ ತಂದರು. ಅಮ್ಮ ದಡದಲ್ಲಿ ಪಂಚೆ ಹಿಡಿದು ಕೂತಿದ್ದರು. ಅಪ್ಪ ಬರುವುದಿಲ್ಲ ಅಂದವರು ಆಮೇಲೆ ಬಂದು ದೂರದಲ್ಲಿ ನಿಂತಿದ್ದರು.

ಅಕ್ಕಾ, ಬಾವಲಿ. ಥೇಟ್ ಬಾವಲಿ. ಕಾಲು ಎರಡೂ ಮೇಲೆ ಬಂದು ಸಾಕುಬೇಕಾಯಿತು. ಎಲ್ಲರೂ ನಕ್ಕರು, ನಾನೂ ಒಂದು ಗುಟುಕು ಕುಡಿದೆ. ಫಿಜಿಯೋ ಸರ್ ಹೇಳಿದ್ದು ಸರಿ, ಕೆಮ್ಮಲು ಬಹಳ ಹೊತ್ತು ಬೇಕಾಯಿತು. ಹೊಟ್ಟೆ ಒತ್ತಿ ಕೆಮ್ಮಿಸುವುದನ್ನು ಈಗ ಮೂರೂ ಜನ ಕಲಿತಿದ್ದಾರೆ.

ಈಗ ಪ್ರಶ್ನೆ. ಕಾಲಿಗೆ ಕಟ್ಟುವ ತೂಕ ಇಲ್ಲಿ ಸಿಗುವುದಿಲ್ಲ. ಅಮ್ಮ ನನ್ನ ಹಳೆ ಜೀನ್ಸ್ ಕತ್ತರಿಸಿ ಉದ್ದದ ಚೀಲ ಹೊಲಿದಿದ್ದಾರೆ. ಅದಕ್ಕೆ ಹೊಳೆಯ ಮರಳು ತುಂಬುವುದು ಅಂತ. 1 ಕಿಲೋ ಅಂದರೆ ಒಣ ಮರಳು ತೂಗಬೇಕಾ, ಒದ್ದೆ ಮರಳಾ?

ಬೋಟಿನವ:

ಮರಳು ಬೇಡ ಮಾರಾಯ್ರೆ. ಮರಳು ನೀರಿಗೆ ಇಳಿದರೆ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೂಕ ಕಳೆದುಕೊಳ್ಳುತ್ತದೆ, 1 ಕಿಲೋ ತುಂಬಿದರೂ ಸಾಲುವುದಿಲ್ಲ. ಸೀಸ ಆದರೆ ಅಷ್ಟು ಕಳೆದುಕೊಳ್ಳುವುದಿಲ್ಲ. ಬೀಸುಬಲೆಗೆ ಕಟ್ಟುವ ಸೀಸದ ಗುಂಡು ನಮ್ಮ ಮನೆಯಲ್ಲಿ ಬೇಕಾದಷ್ಟು ಉಂಟು. ಎರಡು ಕಿಲೋ ಬಸ್ಸಿನಲ್ಲಿ ಕಳಿಸುತ್ತೇನೆ. ಶಿರಸಿ ಬಸ್ ಸ್ಟಾಂಡಿಗೆ ಬಂದು ಇಳಿಸಿಕೊಳ್ಳಲು ಚಿಕ್ಕಪ್ಪನ ಮಗನಿಗೆ ಹೇಳಿ.

ಚಕ್ರದಕ್ಕ:

ಸೀಸ ಹಾಕಿದ ಮೇಲೆ ಚೀಲದ ಒಳಗೆ ಸ್ಪಂಜ್ ಹಾಕಿ ಹೊಲಿಯಲು ಅಮ್ಮನಿಗೆ ಹೇಳು. ಜೀನ್ಸಿನ ದಪ್ಪ ಹೊಲಿಗೆ ಕಾಲಿನ ಕಡೆ ಬರಬಾರದು, ಹೊರಗೆ ಬರಲಿ. ಪಟ್ಟಿ ಕಟ್ಟಿದ ಮೇಲೆ ಒಂದು ಬೆರಳು ಆಡುವಷ್ಟು ಸಡಿಲ ಇರಬೇಕು. ನಿನ್ನ ಬೆರಳಲ್ಲ, ಅಮ್ಮನ ಬೆರಳು. ಹೊಳೆಯಲ್ಲಿ ಲೈಫ್ ಜಾಕೆಟ್ ಇಲ್ಲದೆ ಸೀಸ ಕಟ್ಟಬೇಡ. ರಾತ್ರಿ ಮಲಗುವ ಮುಂಚೆ ಟಾರ್ಚ್ ಹಾಕಿ ಎರಡೂ ಹರಡು ನೋಡಿಸು.